ಸಹಾಯ ಬೇಕು: ದ್ರೌಪದಿಯ ತುಟಿಗೆ ಚೆಂಡು ಬಡಿದಿದೆ

ನಮಸ್ಕಾರ. ನಾನು ಹುಡುಗರ ವಸತಿ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ವಾರ್ಷಿಕೋತ್ಸವಕ್ಕೆ ಒಂಬತ್ತೇ ದಿನ ಉಳಿದಿದೆ. ನಮ್ಮ ನಾಟಕದ ದ್ರೌಪದಿಯೇ ಶಾಲಾ ತಂಡದ ವಿಕೆಟ್ ಕೀಪರ್! ನಿನ್ನೆ ಚೆಂಡು ಪುಟಿದು ತುಟಿಗೆ ಬಡಿಯಿತು. ಸುಮಾರು 160 ಗ್ರಾಂ ತೂಕದ ತೊಗಲಿನ ಚೆಂಡು. ಎರಡು ಹೊಲಿಗೆ ಬಿದ್ದಿವೆ. ‘ಪ’ಕಾರವೇ ಹೊರಡುತ್ತಿಲ್ಲ, ಪಾಂಡವರನ್ನು ಕರೆಯುವುದು ಹೇಗೆ?

1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಕಾಲದಲ್ಲಿ ಗಂಡಸರೂ ಸೀರೆ ಉಟ್ಟು ರಂಗದಲ್ಲಿ ಮೆರೆದಿದ್ದರು ಎಂದು ಉಳಿದವರಿಗೆ ಹೇಳಿ ನೋಡಿದೆ. ಕೇಳಿಸಿಕೊಂಡು ಕ್ರಿಕೆಟ್ ಅಭ್ಯಾಸಕ್ಕೆ ನೆಟ್ಸ್‌ಗೆ ಹೋದರು.

ಸ್ತ್ರೀಪಾತ್ರವಿಲ್ಲದ, ಹತ್ತು ಹನ್ನೆರಡು ಹುಡುಗರು ಆಡಬಹುದಾದ ಅರ್ಧ ಗಂಟೆಯ ನಾಟಕ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳುಹಿಸಿ. ಮಾತು ಕಡಿಮೆ ಇರಲಿ. ಸಂಜೆ ಆರರವರೆಗೆ ಯಾರೂ ಮೈದಾನ ಬಿಟ್ಟು ಬರುವುದಿಲ್ಲ.