ಹಾಸನದಿಂದ ಚಿಕ್ಕಮಗಳೂರಿಗೆ ಸೈಕಲ್‌ನಲ್ಲಿ: ಬೇಲೂರು ದಾರಿಯೋ, ಬೆಳವಾಡಿ ದಾರಿಯೋ?

ಪೆಡಲ್ ಪುಟ್ಟ:
ನಮಸ್ಕಾರ. ಡಿಸೆಂಬರ್‌ನಲ್ಲಿ ಮೈಸೂರಿಂದ ನಾಲ್ಕು ದಿನದ ಸೈಕಲ್ ಪ್ರವಾಸ ಇಟ್ಕೊಂಡಿದ್ದೀವಿ. ಹದಿನಾಲ್ಕು ಜನ. ಕಾಲೇಜು ಹುಡುಗರೂ ಇದ್ದಾರೆ, ಹೋದ ವರ್ಷವಷ್ಟೇ ಸೈಕಲ್ ಹಿಡಿದ ನಮ್ಮ ಮಾವನೂ ಇದ್ದಾರೆ. ಎರಡನೇ ದಿನ ಹಾಸನ ಬಿಟ್ಟು ಹಳೇಬೀಡು ನೋಡ್ಕೊಂಡು ರಾತ್ರಿಗೆ ಚಿಕ್ಕಮಗಳೂರು ಸೇರಬೇಕು. ಮ್ಯಾಪ್ ಬೇಲೂರು ಮೇಲೆ ಹೋಗು ಅನ್ನುತ್ತೆ, ಪರಿಚಯದವರೊಬ್ಬರು ಬೆಳವಾಡಿ ಅಂತಾರೆ. ಯಾವುದು ಸರಿ? ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು?

ಘಾಟಿ ಗಣಪ:
ಬೇಲೂರು. ಚೆನ್ನಕೇಶವನ್ನ ಬಿಟ್ಟು ಹೋಗೋದುಂಟೇ!

ಕೊನೇ ಸೈಕಲ್:
ನಾನು ಹಾಸನದವನು. ನಮ್ಮ ಬಳಗದಲ್ಲಿ ಎಲ್ಲರ ಹಿಂದೆ ಬರೋದು ನನ್ನ ಕೆಲಸ. ಪಂಕ್ಚರ್ ಆದವರು, ಸುಸ್ತಾದವರು, ಫೋಟೊ ಹುಚ್ಚಿನವರು ಎಲ್ಲಾ ನನ್ನ ಪಾಲಿಗೇ ಬರ್ತಾರೆ.

ಬೆಳವಾಡಿ ದಾರಿ ಹಿಡೀರಿ. ದೂರ ಹೆಚ್ಚುಕಮ್ಮಿ ಒಂದೇ, ಎರಡೂ 70 ಕಿ.ಮೀ. ಆಸುಪಾಸು. ಡಿಸೆಂಬರ್ ಅಂದ್ರೆ ಶಾಲಾ ಪ್ರವಾಸದ ಕಾಲ, ಬೇಲೂರು ರಸ್ತೇಲಿ ಒಂದರ ಹಿಂದೊಂದು ಬಸ್ಸು. ಕಿಟಕಿ ತುಂಬಾ ಮಕ್ಕಳು ನಿಮ್ಮನ್ನ ನೋಡಿ ಕೂಗ್ತಾರೆ, ಅದೇನೋ ಖುಷಿನೇ, ಆದ್ರೆ ಡ್ರೈವರ್‌ಗೆ ನೀವು ಕಾಣಿಸಿದ್ರೋ ಇಲ್ವೋ ಅನ್ನೋದು ಬೇರೆ ಮಾತು. ಹಳೇಬೀಡನ್ನೂ ಒಂಬತ್ತರೊಳಗೆ ಮುಟ್ಟಿ. ಬಸ್ಸುಗಳು ಬರೋ ಮುಂಚೆ ಗುಡಿ ನಿಮ್ಮದು.

ಹಾಸನ ಬಿಡೋದು ಆರೂವರೆಗೆ. ಮಂಜಿರುತ್ತೆ, ಹಿಂದಿನ ಕೆಂಪು ಲೈಟು ಪ್ರತಿಯೊಬ್ಬರಿಗೂ ಬೇಕೇ ಬೇಕು. ಹುಡುಗರು ಬೇಡ ಅಂದ್ರೆ ಹಾಸನದಲ್ಲೇ ಬಿಟ್ಟು ಹೋಗಿ.

ಇನ್ನು ಅಸಲಿ ವಿಷಯ, ರಾಗಿ. ಇಬ್ಬನಿ ಆರಿದ ಮೇಲೆ ರೈತರು ತೆನೆಯನ್ನ ಟಾರ್ ರಸ್ತೆ ಮೇಲೆ ಹರಡ್ತಾರೆ, ವಾಹನ ಓಡಾಡಿ ಕಾಳು ಉದುರಲಿ ಅಂತ. ಹಳೇಬೀಡು ದಾಟಿದ ಮೇಲೆ ನಿಮಗೆ ಇದು ಸಿಕ್ಕೇ ಸಿಗುತ್ತೆ. ಕಾರು ಹೇಗೋ ದಾಟಿಬಿಡುತ್ತೆ, ತೆಳ್ಳನೆ ಟೈರಿನ ಸೈಕಲ್‌ಗೆ ಮಾತ್ರ ಒಣ ಹುಲ್ಲು ಸೋಪು ಹಚ್ಚಿದ ನೆಲ ಇದ್ದಂಗೆ. ಅದರ ಮೇಲೆ ಬ್ರೇಕ್ ಹಿಡೀಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ನಾನಂತೂ ಇಳಿದು ನಡೀತೀನಿ, ಮರ್ಯಾದೆ ಏನೂ ಹೋಗಲ್ಲ. ಹುರುಳಿ ಇನ್ನೂ ಮೋಸ. ಅದರ ಬಳ್ಳಿ ಹಿಂದಿನ ಗೇರ್‌ಗೆ ಸುತ್ತಿಕೊಂಡ್ರೆ ಬಿಡಿಸೋಕೆ ಚಾಕುನೇ ಬೇಕು, ಜಗ್ಗಿದ್ರೆ ಗೇರ್ ಬದಲಿಸೋ ಡಿರೈಲರ್ ಬಾಗುತ್ತೆ. ಮುಂದಿರೋನು ಹುಲ್ಲು ಕಂಡ ತಕ್ಷಣ 'ರಾಗಿ!' ಅಂತ ಕೂಗಬೇಕು, ಕೂಗು ಒಬ್ಬರಿಂದ ಒಬ್ಬರಿಗೆ ದಾಟಿ ಕೊನೆಯವರೆಗೆ ಬರಬೇಕು. ಅಲ್ಲೆಲ್ಲ ಜೋಡಿ ಜೋಡಿಯಾಗಿ ಹೋಗೋ ಹಾಗಿಲ್ಲ. ಕತ್ತಲಾದ ಮೇಲಂತೂ ಆ ರಸ್ತೇಲಿ ಇರಲೇಬೇಡಿ. ಹುಲ್ಲು ತೆಗೆದಿದ್ರೂ ಅಂಚಿಗಿಟ್ಟ ಕಲ್ಲು ಹಾಗೇ ಉಳಿದಿರುತ್ತೆ.

ಬೆಳವಾಡಿಯಲ್ಲಿ ವೀರನಾರಾಯಣ ಗುಡಿ ನೋಡಿ. ಇಮ್ಮಡಿ ವೀರಬಲ್ಲಾಳನ ಕಾಲದ್ದು, ಮೂರು ಗರ್ಭಗುಡಿ: ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು, ಇದು ಆ ಮೂರರಲ್ಲಿಲ್ಲ. ಜನ ಕಮ್ಮಿ, ನಮಗೆ ಅದೇ ಲಾಭ. ಮಂಟಪದ ನೆಲ ತಣ್ಣಗಿರುತ್ತೆ, ಕಂಬಗಳಿಗೆ ಕನ್ನಡಿಯ ಹೊಳಪು. ನಿಮ್ಮ ಮಾವ ಒಮ್ಮೆ ಕೂತ್ರೆ ಎಬ್ಬಿಸೋದು ಕಷ್ಟ, ಅರ್ಧ ಗಂಟೆ ಜಾಸ್ತಿನೇ ಇಟ್ಕೊಳ್ಳಿ.

ಅಲ್ಲಿ ಹದಿನಾಲ್ಕು ಜನಕ್ಕೆ ಊಟ ನಂಬ್ಕೋಬೇಡಿ, ಹಳೇಬೀಡಲ್ಲೇ ಹೊಟ್ಟೆ ತುಂಬಿಸ್ಕೊಳ್ಳಿ. ಅವರೆಕಾಯಿ ಕಾಲ. ಅವರೆಕಾಳು ಉಪ್ಪಿಟ್ಟು ಸಿಕ್ಕಿದ ಕಡೆ ಎರಡನೇ ಪ್ಲೇಟ್‌ಗೆ ನಾಚ್ಕೋಬೇಡಿ. ನೀರಿಗೆ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಇರುತ್ತೆ, ಕಾಯಿನ್ ಹಾಕಿದ್ರೆ ಬರುತ್ತೆ. ಚಿಲ್ಲರೆ ಇಟ್ಕೊಳ್ಳಿ, ಫೋನ್ ಪೇ ಆ ಯಂತ್ರಕ್ಕೆ ಅರ್ಥ ಆಗಲ್ಲ. ಜೊತೆಗೆ ಯಾರಾದ್ರೂ ಖಾಲಿ ಕ್ಯಾನ್ ತಗೊಂಡಿರಲಿ, ನೀರು ಒಂದೇ ಸಲ ಧೋ ಅಂತ ಸುರಿಯುತ್ತೆ.

ಕಳಸಾಪುರದ ಮೇಲೆ ಪಶ್ಚಿಮಕ್ಕೆ ತಿರುಗಿದಾಗ ಮೂಡಲ ಗಾಳಿ ಬೆನ್ನಿಗೆ ಬರುತ್ತೆ. ಎದುರಿಗೆ ಬಾಬಾಬುಡನ್‌ಗಿರಿ ಸಾಲು. ಬಯಲುಸೀಮೆ ಮುಗೀತಾ ಇದೆ ಅಂತ ಯಾರೂ ಹೇಳಬೇಕಾಗಿಲ್ಲ.

ರೂಲ್ಸ್ ರಾಜ:
ರಸ್ತೆ ಮೇಲೆ ಒಕ್ಕಣೆ ಮಾಡೋದೇ ತಪ್ಪು. ಬೈಕಿನವರು ಜಾರಿ ಬಿದ್ದು ಸತ್ತಿದ್ದಾರೆ. ಇದನ್ನ ಪ್ರವಾಸದ ಸೊಬಗು ಅಂತ ಬರೀಬೇಡಿ.

ಜಾವಗಲ್ ಅಕ್ಕ:
ತಪ್ಪು ಅಂತ ನಮಗೂ ಗೊತ್ತು ಕಣಣ್ಣ. ಮೊದ್ಲು ಮನೆ ಮುಂದೆ ಕಣ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಹೊಡೀತಿದ್ವಿ. ಈಗ ಎತ್ತೂ ಇಲ್ಲ, ಆ ಕಣದ ಜಾಗದಲ್ಲಿ ಮೈದುನನ ಮನೆ ಐತೆ. ಮಷಿನ್‌ಗೆ ಕೊಡೋಣ ಅಂದ್ರೆ ಎಲ್ಲರ ರಾಗಿನೂ ಒಂದೇ ವಾರಕ್ಕೆ ಬರ್ತದೆ, ಸರದಿ ಸಿಗಲ್ಲ. ಸೈಕಲ್ಲೋರು ಇಳಿದು ತಳ್ಕೊಂಡು ಹೋದ್ರೆ ನಾವೇ ಕೋಲಲ್ಲಿ ಹುಲ್ಲು ಸರಿಸಿ ದಾರಿ ಬಿಡ್ತೀವಿ. ಬೈಯ್ಕೊಂಡು ಹೋಗೋ ಕಾರ್‌ನೋರಿಗೆ ಸರಿಸಲ್ಲ, ಅವರು ತುಳೀಲಿ ಅಂತಲೇ ಹಾಕಿರೋದು.

ಕೊನೇ ಸೈಕಲ್:
ರಾಜ ಅವರೇ, ಸೊಬಗು ಅಂತ ನಾನೆಲ್ಲಿ ಬರೆದೆ? ಇಳಿದು ನಡೀರಿ ಅಂದೆ. ಪಂಚಾಯಿತಿಯವರು ಊರಿಗೊಂದು ಕಾಂಕ್ರೀಟ್ ಕಣ ಮಾಡಿಕೊಟ್ರೆ ಅಕ್ಕನಿಗೂ ಒಳ್ಳೇದು, ನಿಮಗೂ ಒಳ್ಳೇದು.

ಪೆಡಲ್ ಪುಟ್ಟ:
ಎಲ್ಲರಿಗೂ ಧನ್ಯವಾದ, ಬೆಳವಾಡಿ ದಾರಿನೇ. ಪಂಕ್ಚರ್ ಅಂಗಡಿ ಸಿಗುತ್ತಾ?

ಕೊನೇ ಸೈಕಲ್:
ಸಿಗುತ್ತೆ, ಆದ್ರೆ ನಿಮ್ಮ ಟ್ಯೂಬಿನ ಗಾಳಿ ಮೂತಿ ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆದ್ರೆ ಅಲ್ಲಿನ ಪಂಪು ಹತ್ತಲ್ಲ. ಹಿತ್ತಾಳೆ ಅಡಾಪ್ಟರ್ ನಾಲ್ಕೈದು ತಗೊಳ್ಳಿ, ಒಂದಾದ್ರೂ ಕಳೆದೇ ಹೋಗುತ್ತೆ. ಬೇಲಿ ಪಕ್ಕ ಸೈಕಲ್ ಒರಗಿಸಬೇಡಿ, ಜಾಲಿ ಮುಳ್ಳು.