ಕ್ಯಾರಿಯರ್ ಮೇಲೆ ಭಾರ ಬೇಡ

ಅವ್ವಾ, ನಿನ್ನ ಮೆಸೇಜ್ ಈಗ ಕೇಳಿದೆ. ಮಗ ಗೆಳೆಯರ ಜೊತೆ ಫೋರ್ ಬೈ ಫೋರ್ ಗಾಡಿಯಲ್ಲಿ ಲೇಹ್‌ಗೆ ಹೊರಟಿದ್ದಾನೆ, ಮೇಲೆ ಕ್ಯಾರಿಯರ್ ಹಾಕಿಸಿ ಎರಡು ಸ್ಟೆಪ್ನಿ, ಡೀಸೆಲ್ ಕ್ಯಾನ್, ನೀರಿನ ಕ್ಯಾನ್, ಟೆಂಟ್ ಎಲ್ಲಾ ಕಟ್ಟಿದ್ದಾನೆ, ದಾರಿಯಲ್ಲಿ ಕೆಟ್ಟು ನಿಂತರೆ ಇನ್ನೂ ಏನೇನು ಬೇಕು ಕಾಕಾ ಅಂತ ಕೇಳಿದ್ದೀಯ. ಇನ್ನೇನೂ ಬೇಡ. ಕಟ್ಟಿರುವುದನ್ನೇ ಇಳಿಸಬೇಕು. ಕ್ಯಾರಿಯರ್ ಮೇಲೆ ಭಾರ ಬೇಡ, ಮೊದಲು ಅದನ್ನ ಅವನಿಗೆ ಹೇಳು.

ಸಂಡೂರಿನ ಗಣಿಗೆ ನಮ್ಮ ಜೀಪು ಓಡುತ್ತಿದ್ದವಲ್ಲ, ರಾತ್ರಿ ಕೌಲ್‌ಬಜಾರ್ ಅತ್ತೆ ಮನೆ ಮುಂದೆ ನಿಲ್ಲಿಸುತ್ತಿದ್ದೆವು, ಆಗಿನ ಮಾತು. ಗುಡ್ಡದ ಮೇಲಿನ ಕ್ಯಾಂಪಿಗೆ ಸಾಮಾನು ಒಯ್ಯಬೇಕಿತ್ತು. ಒಳಗೆ ಮಂದಿ ಕೂರಬೇಕು ಅಂತ ಕಂತ್ರಾಟುದಾರ ಎಲ್ಲಾ ಮೇಲೆ ಹಾಕಿಸಿದ. ಡೀಸೆಲ್ ಕ್ಯಾನು, ಸಿಮೆಂಟ್ ಚೀಲ, ಅದರ ಮೇಲೆ ಕಬ್ಬಿಣದ ರಾಡು. ಬೇಡ ಅಂದೆವು, ಕೇಳಲಿಲ್ಲ. ನಾನು ಹಿಂದಿನ ಜೀಪಿನಲ್ಲಿದ್ದೆ. ಒಂದು ತಿರುವಿನಲ್ಲಿ ಆಡು ಅಡ್ಡ ಬಂದವು. ಡ್ರೈವರ್ ಎಡಕ್ಕೆ ಎಳೆದ, ಮತ್ತೆ ಬಲಕ್ಕೆ ತಿರುಗಿಸಿದ. ಅಷ್ಟೇ ಅವ್ವಾ. ಎರಡು ಗಾಲಿ ಎದ್ದವು, ಜೀಪು ನಿಧಾನಕ್ಕೆ ಮಗ್ಗುಲಾಯಿತು. ಸ್ಪೀಡ್ ಮೂವತ್ತೂ ಇರಲಿಲ್ಲ. ಬ್ರೇಕ್ ಸರಿ ಇತ್ತು, ಟೈರ್ ಹೊಸವು. ಡ್ರೈವರ್ ಕೈ ಕೆಳಗೆ ಸಿಕ್ಕಿ ಮುರಿಯಿತು. ಎಲ್ಲರ ಮೈಮೇಲೆ ಡೀಸೆಲ್. ಯಾರ ಬಾಯಲ್ಲೂ ಬೀಡಿ ಇರಲಿಲ್ಲ, ದೇವರು ದೊಡ್ಡವನು.

ನೆತ್ತಿ ಮೇಲೆ ತುಂಬಿದ ಕೊಡ ಇದ್ದರೆ ಮನುಷ್ಯ ಗಕ್ಕನೆ ತಿರುಗೋಕಾಗಲ್ಲ, ಅಲ್ವಾ? ಗಾಡಿಯೂ ಹಾಗೇ. ಈ ಜಾತಿಯ ಗಾಡಿ ಮೊದಲೇ ಎತ್ತರ. ನೀನೇ ಲೆಕ್ಕ ಹಾಕು. 20 ಲೀಟರ್ ನೀರು ಅಂದರೆ 20 ಕಿಲೋ. ಅಷ್ಟೇ ಡೀಸೆಲ್ ಸುಮಾರು 17 ಕಿಲೋ, ಕ್ಯಾನಿನ ತೂಕ ಬೇರೆ. ಅದರ ಮೇಲೆ ಎರಡು ಸ್ಟೆಪ್ನಿ, ಕಬ್ಬಿಣದ ಕ್ಯಾರಿಯರ್. ಮನಾಲಿಯಿಂದ ಲೇಹ್‌ಗೆ ಹೋಗುವಾಗ ಗಾಟಾ ಲೂಪ್ಸ್ ಬರುತ್ತೆ, ಒಂದರ ಮೇಲೊಂದು 21 ತಿರುವು. ಮಿಲಿಟರಿಯಲ್ಲಿದ್ದ ಗಂಗಾವತಿ ಅಳಿಯನನ್ನ ಕೇಳಿ, ಅವನು ಆ ದಾರಿಯಲ್ಲಿ ಲಾರಿ ಓಡಿಸಿದವನು. ಅದಕ್ಕೇ ಮತ್ತೆ ಹೇಳುತ್ತೇನೆ, ಮೇಲೆ ಭಾರ ಬೇಡ. ಟೆಂಟ್, ಹಾಸಿಗೆ, ಇಂಥ ಹಗುರದ್ದು ಇರಲಿ, ಸಾಕು.

ಆಮೇಲೆ ಆ ಕಂತ್ರಾಟುದಾರ ಏನಂದ ಗೊತ್ತಾ? ಡ್ರೈವರ್ ಕುಡಿದಿದ್ದ ಅಂದ. ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯ ಅವನು! ಆಸ್ಪತ್ರೆಗೆ ಒಂದು ರೂಪಾಯಿ ಕೊಡಲಿಲ್ಲ. ನಿಮ್ಮಪ್ಪ ಎತ್ತು ಮಾರಿದ ದುಡ್ಡಿನಲ್ಲಿ ಕಟ್ಟಿದ, ನೀನು ಆಗ ಸಣ್ಣವಳು. ಅದಿರಿನ ಲಾರಿಗಳೂ ಹೀಗೇ, ತಾಳುವುದಕ್ಕಿಂತ ಜಾಸ್ತಿ ತುಂಬಿ ಓಡಿಸಿ ತೋರಣಗಲ್ಲಿನ ಕಡೆ ರಸ್ತೆಯೆಲ್ಲ ಗುಂಡಿ ಮಾಡಿದರು. ಊರವರು ಕೆಂಪು ಧೂಳು ಕುಡಿದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿ ನಿಲ್ಲಿಸಿದಾಗ ನಮ್ಮ ಜೀಪುಗಳ ಬಾಡಿಗೆಯೂ ಮುಳುಗಿತು. ಕೇಳೋಕೆ ಹೋದರೆ ಗೇಟಿನಲ್ಲೇ ನಿಲ್ಲಿಸಿದರು. ಇವತ್ತಿಗೂ ಬಂದಿಲ್ಲ. ಆ ಡ್ರೈವರಿಗೆ ಆಮೇಲೆ ಸ್ಟೇರಿಂಗ್ ಹಿಡಿಯೋಕೇ ಆಗಲಿಲ್ಲ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಅಯ್ಯೋ, ಹೇಳಬೇಕಾದ್ದೇ ಮರೆತೆ. ಹೊರಡುವ ಮುಂಚೆ ಗಾಡಿಯನ್ನ ವೇಬ್ರಿಜ್ ಮೇಲೆ ಹತ್ತಿಸಿ ತೂಕ ಮಾಡಿಸಲಿ. ಬಳ್ಳಾರಿಯಲ್ಲಿ ವೇಬ್ರಿಜ್‌ಗೆ ಬರಗಾಲವೇ? ಹೊಸಪೇಟೆ ರಸ್ತೆಯಲ್ಲಿ ಸಿಗುತ್ತೆ. ಸಾಮಾನೆಲ್ಲ ಹಾಕಿ, ಟ್ಯಾಂಕ್ ಫುಲ್ ಮಾಡಿ, ಹೋಗುವವರೆಲ್ಲ ಒಳಗೆ ಕೂತೇ ತೂಗಬೇಕು. ಮೊದಲು ಮುಂದಿನ ಗಾಲಿ ಮಾತ್ರ ಹತ್ತಿಸಿ ಒಂದು ಚೀಟಿ, ಆಮೇಲೆ ಇಡೀ ಗಾಡಿಗೆ ಒಂದು ಚೀಟಿ. ಕಳೆದರೆ ಹಿಂದಿನ ಗಾಲಿಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತೆ. ಲಾರಿ ತೂಗುವ ಯಂತ್ರ, ಹತ್ತಿಪ್ಪತ್ತು ಕಿಲೋ ಆಚೀಚೆ ಆದರೂ ನಡೆಯುತ್ತೆ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಒಟ್ಟು ತೂಕ ಎಷ್ಟಿರಬಹುದು, ಮೇಲೆ ಎಷ್ಟು ಕಟ್ಟಬಹುದು ಅಂತ ಬರೆದಿರುತ್ತಾರೆ. ಅದಕ್ಕಿಂತ ಜಾಸ್ತಿ ಬಂದರೆ ಅಲ್ಲೇ ಇಳಿಸಲಿ. ಫುಲ್ ಲೋಡಿಗೆ ಗಾಳಿ ಎಷ್ಟು ಅಂತ ಬಾಗಿಲ ಪಕ್ಕದ ಸ್ಟಿಕ್ಕರ್ ನೋಡಿ ಹಾಕಿಸಲಿ.

ಡೀಸೆಲ್ ಕ್ಯಾನ್ ಇಲ್ಲಿಂದಲೇ ತುಂಬಿಸಿಕೊಂಡು ಹೋಗೋದು ಬೇಡ. ಮನಾಲಿ ತನಕ ದಾರಿಯುದ್ದ ಪಂಪ್ ಇವೆ. ಮನಾಲಿ ದಾಟಿದ ಮೇಲೆ ತಾಂಡಿ ಪಂಪ್ ಸಿಗುತ್ತೆ. ಮುಂದಿನ ಪಂಪ್ 365 ಕಿಲೋಮೀಟರ್ ದೂರ ಅಂತ ಅಲ್ಲಿ ಬೋರ್ಡೇ ಹಾಕಿದ್ದರು. ಅಲ್ಲಿ ತುಂಬಿಸಲಿ. ಕ್ಯಾನನ್ನ ಹಿಂದಿನ ಸೀಟಿನ ಹಿಂದೆ, ನೆಲಕ್ಕೆ, ನಿಲ್ಲಿಸಿ ಬೆಲ್ಟ್ ಬಿಗಿಯಲಿ. ಎರಡು ಸ್ಟೆಪ್ನಿಯಲ್ಲಿ ಒಂದನ್ನ ಮನೆಯಲ್ಲೇ ಬಿಡಲಿ, ಪಂಕ್ಚರ್ ಕಿಟ್ ಮತ್ತು ಗಾಳಿ ಹೊಡೆಯುವ ಸಣ್ಣ ಮೋಟಾರ್ ಇಟ್ಟುಕೊಳ್ಳಲಿ.

ನಾಳೆ ಬೆಳಿಗ್ಗೆ ಅವನನ್ನ ನನ್ನ ಹತ್ತಿರ ಕಳಿಸು, ನಾನೇ ವೇಬ್ರಿಜ್ ತನಕ ಬರುತ್ತೇನೆ. ಬರುವಾಗ ಗಾಡಿಯ ಪುಸ್ತಕ ಮರೆಯದೆ ತರಲಿ.