ಜೆಡ್ಡಾ ಹಡಗಿನ ತನಿಖೆ: ಕಪ್ತಾನನಿಗೆ 3 ವರ್ಷದ ಅಮಾನತು ಸಾಕಿತ್ತೇ?

ಹಳೆಕಡತ:
1880ರ ಜುಲೈನಲ್ಲಿ ಸಿಂಗಪುರ ಮತ್ತು ಪೆನಾಂಗ್‌ಗಳಿಂದ ಸುಮಾರು 950 ಹಜ್ ಯಾತ್ರಿಕರನ್ನು ಹೊತ್ತು ಹೊರಟ ‘ಜೆಡ್ಡಾ’ ಎಂಬ ಉಗಿಹಡಗು ಆಫ್ರಿಕಾದ ಸೊಮಾಲಿ ಕರಾವಳಿಯ ತುದಿಯಲ್ಲಿರುವ ಗಾರ್ಡಫುಯ್ ಭೂಶಿರದ ಆಸುಪಾಸಿನಲ್ಲಿ ಬಿರುಗಾಳಿಗೆ ಸಿಕ್ಕಿತು. ಬಾಯ್ಲರುಗಳು ಕೂರಿಸಿದ ಜಾಗದಿಂದ ಕಳಚಿಕೊಂಡು, ಹಡಗಿನೊಳಗೆ ನೀರು ಏರತೊಡಗಿತು. ಆಗಸ್ಟ್ 8ರಂದು ಇನ್ನೂ ಬೆಳಕು ಹರಿಯುವ ಮೊದಲೇ ಕಪ್ತಾನ ಕ್ಲಾರ್ಕ್, ನೀರು ಎತ್ತಿ ಹೊರಚೆಲ್ಲಿ ದಣಿದಿದ್ದ ಯಾತ್ರಿಕರನ್ನು ಹಡಗಿನಲ್ಲೇ ಬಿಟ್ಟು, ಹೆಂಡತಿ ಮತ್ತು ಅಧಿಕಾರಿಗಳೊಂದಿಗೆ ದೋಣಿ ಇಳಿಸಿಕೊಂಡು ಹೊರಟುಹೋದ. ‘ಸಿಂಧಿಯಾ’ ಎಂಬ ಹಡಗು ಇವರನ್ನು ಎತ್ತಿಕೊಂಡು ಏಡನ್‌ಗೆ ಮುಟ್ಟಿಸಿತು. ಯಾತ್ರಿಕರು ಇಬ್ಬರು ಎಂಜಿನಿಯರುಗಳನ್ನು ಕೊಂದರು, ಹಡಗು ಮುಳುಗಿತು ಎಂಬುದು ಅಲ್ಲಿ ಇವರು ಹೇಳಿದ ಕಥೆ. ಮರುದಿನ ‘ಆಂಟೆನರ್’ ಎಂಬ ಇನ್ನೊಂದು ಹಡಗು ಅದೇ ಜೆಡ್ಡಾವನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರಿಗೆ ತಂದಿತು, ಯಾತ್ರಿಕರ ಸಮೇತ! ಇಷ್ಟಾದರೂ ಏಡನ್ನಿನ ತನಿಖಾ ನ್ಯಾಯಾಲಯ ಹಡಗು ನಡೆಸಲು ಕಪ್ತಾನನಿಗಿದ್ದ ಸರ್ಟಿಫಿಕೇಟನ್ನು 3 ವರ್ಷ ಅಮಾನತಿನಲ್ಲಿಟ್ಟು ಕೈತೊಳೆದುಕೊಂಡಿತು. ಇದನ್ನು ನ್ಯಾಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಂದರುಗಟ್ಟೆ:
ತಮ್ಮ ಸಿಟ್ಟು ಸಹಜವಾದದ್ದೇ. ಆದರೆ ಹಡಗು ತನಿಖೆಯ ನ್ಯಾಯಾಲಯವನ್ನು ತಾವು ಕ್ರಿಮಿನಲ್ ಕೋರ್ಟಿನಂತೆ ನೋಡುತ್ತಿದ್ದೀರಿ. ಅವಘಡದ ಕಾರಣ ಹುಡುಕುವುದು, ತಪ್ಪು ಕಂಡರೆ ಅಧಿಕಾರಿಯ ಸರ್ಟಿಫಿಕೇಟಿನ ಮೇಲೆ ಕ್ರಮ ಕೈಗೊಳ್ಳುವುದು ಅದರ ಕೆಲಸ. ಜೈಲಿಗೆ ಕಳಿಸುವುದು ಬೇರೆಯದೇ ಬಾಬತ್ತು. ಜೊತೆಗೆ, ಅಂಥ ಹಡಗಿನಲ್ಲಿ ಬಿರುಗಾಳಿಯ ಋತುವಿನಲ್ಲಿ ಸಾವಿರದ ಹತ್ತಿರ ಹತ್ತಿರ ಜನರನ್ನು ಒಯ್ಯಲು ಬಿಟ್ಟದ್ದನ್ನೂ ಆ ನ್ಯಾಯಾಲಯ ಆಕ್ಷೇಪಿಸಿತ್ತು ಎಂಬುದನ್ನು ತಾವು ಬರೆದೇ ಇಲ್ಲ.

ಹಳೆಕಡತ:
ಬರೆಯದೇ ಇದ್ದದ್ದು ನನ್ನ ತಪ್ಪು. ಆದರೂ ಅಮಾನತಿನ ಬದಲು ರದ್ದತಿಯ ದಾರಿಯೂ ಇತ್ತಲ್ಲ? 3 ವರ್ಷ ಕಳೆದರೆ ಅದೇ ಮನುಷ್ಯ ಮತ್ತೆ ಹಡಗು ನಡೆಸಬಹುದು.

ಅಘನಾಶಿನಿ:
ನಮ್ಮ ಕಾರವಾರವನ್ನು ಆಳುತ್ತಿದ್ದ ಮುಂಬಯಿ ಸರ್ಕಾರದ ಕೈಕೆಳಗೇ ಆಗ ಏಡನ್ ಕೂಡ ಇತ್ತು. ಈ ಚರ್ಚೆ ಓದುವಾಗ ನೆನಪಾಯಿತು, ಅಷ್ಟೇ. ನನ್ನ ಪ್ರಶ್ನೆ ಕಪ್ತಾನನದಲ್ಲ, ದೋಣಿಗಳದು. ಜೆಡ್ಡಾದಲ್ಲಿದ್ದ ದೋಣಿಗಳು ಎಲ್ಲರಿಗೂ ಸಾಲುತ್ತಿರಲಿಲ್ಲ. 8 ವರ್ಷದ ನಂತರ, 1888ರ ನವೆಂಬರ್ 8ರಂದು ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣ’ ಸೌರಾಷ್ಟ್ರದ ಕರಾವಳಿಯಾಚೆ ಚಂಡಮಾರುತದಲ್ಲಿ 700ಕ್ಕೂ ಹೆಚ್ಚು ಜನರೊಂದಿಗೆ ಕಾಣೆಯಾಯಿತು. ವಿದ್ಯುದ್ದೀಪಗಳಿದ್ದ ಆ ಹಡಗನ್ನು ಗುಜರಾತಿಗಳು ‘ವೀಜಳಿ’ ಎಂದೇ ಕರೆಯುತ್ತಿದ್ದರು. ಹುಡುಕಲು ಹೋದ ಹಡಗುಗಳು ಬರಿಗೈಯಲ್ಲಿ ಹಿಂದಿರುಗಿದವು. ಸಾಕಷ್ಟು ಲೈಫ್‌ಬೋಟುಗಳೂ ಲೈಫ್ ಜಾಕೆಟ್ಟುಗಳೂ ಅದರಲ್ಲಿ ಇರಲಿಲ್ಲವೆಂದು ಮುಂಬಯಿಯ ತನಿಖೆ ಹೇಳಿತು. ದೀಪಕ್ಕೆ ಖರ್ಚುಮಾಡಿದವರಿಗೆ ದೋಣಿ ದುಬಾರಿಯಾಗಿತ್ತೇ?

ಬಂದರುಗಟ್ಟೆ:
ಅಂಥ ಗಾಳಿಯಲ್ಲಿ ದೋಣಿ ಇಳಿಸಲು ಸಾಧ್ಯವಿತ್ತೇ ಎಂಬುದನ್ನೂ ಕೇಳಬೇಕಾಗುತ್ತದೆ. ಇದನ್ನು ವಸಾಹತಿನ ಅಸಡ್ಡೆ ಎಂದಷ್ಟೇ ಓದುವುದೂ ಸರಿಯಲ್ಲ. 1912ರಲ್ಲಿ ಟೈಟಾನಿಕ್ ಹೊರಟಾಗ ಜಾರಿಯಲ್ಲಿದ್ದದ್ದು 1894ರ ಬ್ರಿಟಿಷ್ ನಿಯಮ. 10,000 ಟನ್ ಮೀರಿದ ಹಡಗು ಎಷ್ಟೇ ದೊಡ್ಡದಾದರೂ 16 ದೋಣಿಗಳಿದ್ದರೆ ಅದಕ್ಕೆ ಸಾಕಾಗಿತ್ತು. 46,000 ಟನ್ನಿನ ಟೈಟಾನಿಕ್‌ನಲ್ಲಿ 20 ದೋಣಿಗಳಿದ್ದವು, 1,178 ಜನರಿಗಷ್ಟೇ ಜಾಗವಿತ್ತು. ಶ್ರೀಮಂತರ ಹಡಗಿಗೂ ಕಾನೂನು ಕೊಟ್ಟದ್ದು ಅಷ್ಟೇ.

ಅಘನಾಶಿನಿ:
ತಮ್ಮ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ. ದೋಣಿ ಸಾಲದೆಂದು ಮುಂಬಯಿಯಲ್ಲಿ ದಾಖಲಾದ ಮೇಲೆ ಬಂದ 1894ರ ನಿಯಮವೂ ಟನ್ನನ್ನು ಎಣಿಸಿತೇ ಹೊರತು ತಲೆಗಳನ್ನಲ್ಲ. ಎಲ್ಲರಿಗೂ ದೋಣಿಯಲ್ಲಿ ಜಾಗವಿರಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಲಂಡನ್ನಿನಲ್ಲಿ ಸಹಿ ಬಿದ್ದದ್ದು 1914ರಲ್ಲಿ, ಟೈಟಾನಿಕ್ ಮುಳುಗಿದ ಎರಡೇ ವರ್ಷಕ್ಕೆ.

ಹಳೆಕಡತ:
ಶಿಕ್ಷೆಯ ವಿಷಯದಲ್ಲಿ ಬಂದರುಗಟ್ಟೆಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ನನ್ನನ್ನು ಕಾಡುವುದು ಆ ಒಂದು ದಿನದ ಅಂತರ. ಆಂಟೆನರ್ ಬೇರೆ ದಾರಿ ಹಿಡಿದಿದ್ದರೆ, ಏಡನ್ನಿನ ಕಡತದಲ್ಲಿ ಉಳಿಯುತ್ತಿದ್ದದ್ದು ಕಪ್ತಾನ ಹೇಳಿದ ಕೊಲೆಯ ಕಥೆ ಮಾತ್ರ. ಆ ಯಾತ್ರಿಕರು ಕೊಲೆಗಾರರಾಗಿಯೇ ದಾಖಲಾಗುತ್ತಿದ್ದರು.